ಟ್ರ್ಯಾಕ್ಟರಿನ ಹಿಂಬದಿ ಎಣ್ಣೆಯ ಬದಲಾವಣೆ ಮತ್ತು ಬ್ರೇಕ್ ನಡುಕದ ನಿವಾರಣೆ

ಟ್ರ್ಯಾಕ್ಟರ್ ಇಟ್ಟುಕೊಂಡಿರುವ ರೈತರು ಇಂಜಿನ್ ಎಣ್ಣೆಯ ಬಗ್ಗೆ ತೋರುವ ಕಾಳಜಿಯನ್ನು ಹಿಂಬದಿ ಪೆಟ್ಟಿಗೆಯ ಎಣ್ಣೆಯ ಬಗ್ಗೆ ತೋರುವುದು ಕಡಿಮೆ. ಇಂಜಿನ್ ಎಣ್ಣೆ ಬೇಗ ಕಪ್ಪಾಗುವುದರಿಂದ ನೆನಪಿಗೆ ಬರುತ್ತದೆ. ಹಿಂಬದಿಯ ಎಣ್ಣೆ ಕಣ್ಣಿಗೆ ಬೀಳುವುದಿಲ್ಲ. ಪ್ರಮಾಣವೂ ಹಲವು ಮಾದರಿಗಳಲ್ಲಿ 30 ಲೀಟರಿಗಿಂತ ಹೆಚ್ಚಿರುವುದರಿಂದ ಖರ್ಚಿಗೆ ಹೆದರಿ ಬದಲಾವಣೆಯನ್ನು ಮುಂದೂಡುವುದೂ ಉಂಟು. ಕೊನೆಗೊಂದು ದಿನ ಬ್ರೇಕ್ ಒತ್ತಿದಾಗ ಹಿಂದಿನಿಂದ ‘ಗರಗರ’ ಶಬ್ದ ಬಂದು ಆಸನವೆಲ್ಲ ನಡುಗತೊಡಗುತ್ತದೆ. ಕೂಡಲೇ ಹೌಸಿಂಗ್ ಬಿಚ್ಚಿಸಲು ಮುಂದಾಗುವುದು ಸರಿಯಲ್ಲ. ಮೊದಲು ಪರೀಕ್ಷಿಸಬೇಕಾದುದು ಎಣ್ಣೆಯನ್ನು.

ಪೆಟ್ಟಿಗೆಯೊಳಗೆ ಏನಿದೆ?

ಗೇರುಪೆಟ್ಟಿಗೆಯಿಂದ ಬರುವ ಶಕ್ತಿ ಪಿನಿಯನ್ ಮತ್ತು ಕ್ರೌನ್ ಚಕ್ರದ ಮೂಲಕ ಡಿಫರೆನ್ಷಿಯಲ್ಲಿಗೆ ತಲಪುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನ ಚಕ್ರ ಕಡಿಮೆ ದೂರವನ್ನೂ ಕ್ರಮಿಸಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ಉರುಳುವಂತೆ ಮಾಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಇಂದಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿವೆ. ಇಂತಹ ಹಲವು ಮಾದರಿಗಳಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಲಿಫ್ಟ್ ಮತ್ತು ಬ್ರೇಕ್ ಎಲ್ಲಕ್ಕೂ ಒಂದೇ ಎಣ್ಣೆ. ಆದ್ದರಿಂದ ಈ ಎಣ್ಣೆ ಹಲ್ಲುಗಳನ್ನು ಸವೆತದಿಂದ ಕಾಪಾಡಬೇಕು, ಲಿಫ್ಟನ್ನು ಎತ್ತಬೇಕು, ಬ್ರೇಕ್ ತಟ್ಟೆಗಳನ್ನು ತಂಪಾಗಿಡಬೇಕು.

ನಡುಕಕ್ಕೆ ಕಾರಣ

ಬ್ರೇಕ್ ಒತ್ತಿದಾಗ ತಟ್ಟೆಗಳು ಒಂದಕ್ಕೊಂದು ಉಜ್ಜಿ ನಿಧಾನವಾಗಿ ಹಿಡಿಯಬೇಕು. ಎಣ್ಣೆ ಸರಿಯಿಲ್ಲದಿದ್ದರೆ ತಟ್ಟೆಗಳು ಒಮ್ಮೆ ಕಚ್ಚಿ, ಮರುಕ್ಷಣ ಜಾರಿ, ಮತ್ತೆ ಕಚ್ಚುತ್ತವೆ. ಸೆಕೆಂಡಿಗೆ ಹಲವಾರು ಬಾರಿ ನಡೆಯುವ ಈ ಕಚ್ಚು-ಜಾರುಗಳೇ ನಡುಕವಾಗಿ ಕೇಳಿಬರುತ್ತವೆ. ಇದನ್ನು ತಡೆಯಲು ತಕ್ಕ ಎಣ್ಣೆಯಲ್ಲಿ ಘರ್ಷಣೆಯನ್ನು ಹದಗೊಳಿಸುವ ದ್ರವ್ಯ ಸೇರಿರುತ್ತದೆ. ಸಾಮಾನ್ಯ ಗೇರು ಎಣ್ಣೆಯಲ್ಲಿ ಅದು ಇರುವುದಿಲ್ಲ. ಎಣ್ಣೆ ಹಳೆಯದಾದಂತೆ ಅದರ ಗುಣ ಕುಂದುತ್ತದೆ. ನೀರು ಬೆರೆತರೂ ಕೆಡುತ್ತದೆ.

ಕೆಲವು ಪಿಕಪ್ ಟ್ರಕ್ಕುಗಳ ಡಿಫರೆನ್ಷಿಯಲ್ಲಿನಲ್ಲಿ ಚಕ್ರ ಜಾರುವುದನ್ನು ತಡೆಯಲು ಕ್ಲಚ್ ತಟ್ಟೆಗಳಿರುತ್ತವೆ. ಅವು ನಿಧಾನ ತಿರುವಿನಲ್ಲಿ ನಡುಗುವುದಕ್ಕೂ ಕಾರಣ ಇದೇ. ಅಲ್ಲಿ ತಕ್ಕ ದ್ರವ್ಯವುಳ್ಳ ಎಣ್ಣೆ ತುಂಬಿ, ಬಯಲಿನಲ್ಲಿ ಎಂಟರ ಆಕಾರದಲ್ಲಿ ಕೆಲವು ಸುತ್ತು ಓಡಿಸಿ ತಟ್ಟೆಗಳಿಗೆ ಎಣ್ಣೆ ಹಿಡಿಸುತ್ತಾರೆ.

ಶಬ್ದದಿಂದ ದೋಷ ಗುರುತಿಸುವುದು

• ಬ್ರೇಕ್ ಒತ್ತಿದಾಗ ಮಾತ್ರ ನಡುಕ: ಎಣ್ಣೆ ಅಥವಾ ಬ್ರೇಕ್ ತಟ್ಟೆಯ ದೋಷ.
• ತಿರುಗಿಸುವಾಗ ಮಾತ್ರ ಕಟಕಟ ಶಬ್ದ: ಡಿಫರೆನ್ಷಿಯಲ್ಲಿನ ಚಿಕ್ಕ ಹಲ್ಲುಚಕ್ರಗಳ ಸವೆತ, ಅಥವಾ ಡಿಫರೆನ್ಷಿಯಲ್ ಲಾಕ್ ಬಿಡದೆ ಉಳಿದಿರುವುದು.
• ನೇರ ಓಟದಲ್ಲಿ, ಭಾರ ಎಳೆಯುವಾಗ ಎಡೆಬಿಡದೆ ಊಳಿಡುವ ಶಬ್ದ: ಎಣ್ಣೆ ಕಡಿಮೆಯಾಗಿರುವುದು, ಬೇರಿಂಗಿನ ಸವೆತ, ಅಥವಾ ಕ್ರೌನ್-ಪಿನಿಯನ್ ಹೊಂದಾಣಿಕೆ ತಪ್ಪಿರುವುದು.
• ಲೆಕ್ಕ ಹಾಕಿದಂತೆ ಮತ್ತೆ ಮತ್ತೆ ‘ಟಕ್’ ಎಂಬ ಪೆಟ್ಟು: ಹಲ್ಲು ಮುರಿದಿರಬಹುದು. ಟ್ರ್ಯಾಕ್ಟರನ್ನು ಕೂಡಲೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಇವುಗಳಲ್ಲಿ ಮೊದಲನೆಯದು ಎಣ್ಣೆ ಬದಲಾವಣೆಯಿಂದಲೇ ಅನೇಕ ವೇಳೆ ಸರಿಹೋಗುತ್ತದೆ. ಹಲ್ಲು, ಬೇರಿಂಗ್ ಸವೆದಿದ್ದರೆ ಯಾವ ಎಣ್ಣೆಯೂ ಅದನ್ನು ವಾಸಿ ಮಾಡಲಾರದು.

ನೀರು ಬೆರೆತಿದೆಯೇ?

ಗಂಗಾವತಿ, ಸಿಂಧನೂರು, ಮಂಡ್ಯ ಮುಂತಾದ ನೀರಾವರಿ ಪ್ರದೇಶಗಳಲ್ಲಿ ಭತ್ತದ ಗದ್ದೆಯನ್ನು ಕೆಸರು ಮಾಡುವಾಗ ಆಕ್ಸಲಿನವರೆಗೂ ಕೆಸರುನೀರು ಬರುತ್ತದೆ. ಸವೆದ ಸೀಲುಗಳ ಮೂಲಕ ನೀರು ಒಳಸೇರಬಹುದು. ಪೆಟ್ಟಿಗೆಯ ಗಾಳಿಕಿಂಡಿ ಮಣ್ಣಿನಿಂದ ಮುಚ್ಚಿದ್ದರೆ, ಬಿಸಿಯಾದಾಗ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನಿಂದ ಹೊರದೂಡುತ್ತದೆ; ತಣಿದಾಗ ಅದೇ ದಾರಿಯಲ್ಲಿ ನೀರನ್ನು ಒಳಗೆ ಸೆಳೆಯುತ್ತದೆ.

ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ನೀರು ಸೇರಿದೆಯೆಂದೇ ತಿಳಿಯಬೇಕು. ಸಂದೇಹವಿದ್ದರೆ ಚೆನ್ನಾಗಿ ಕಾದ ಕಬ್ಬಿಣದ ತಗಡಿನ ಮೇಲೆ ಎರಡು ಹನಿ ಹಾಕಿ, ಮುಖ ದೂರವಿಟ್ಟು ನೋಡಬೇಕು. ಚಟಪಟ ಸಿಡಿದರೆ ನೀರಿದೆ. ಇಂತಹ ಎಣ್ಣೆಯನ್ನು ಗಂಟೆಗಳ ಲೆಕ್ಕ ನೋಡದೆ ಬದಲಾಯಿಸಬೇಕು. ನೀರು ಸೇರಿದ ದಾರಿಯನ್ನೂ ಮುಚ್ಚಬೇಕು. ಇಲ್ಲದಿದ್ದರೆ ಹೊಸ ಎಣ್ಣೆಗೂ ಅದೇ ಗತಿ.

ಯಾವ ಎಣ್ಣೆ, ಯಾವಾಗ?

ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ಎಣ್ಣೆಯನ್ನೇ ಕೊಳ್ಳಬೇಕು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಳ್ಳ ಮಾದರಿಗಳಿಗೆ ಸಾಮಾನ್ಯವಾಗಿ ಯು.ಟಿ.ಟಿ.ಓ. ಎಂಬ ಟ್ರ್ಯಾಕ್ಟರ್ ಪ್ರಸರಣ ಎಣ್ಣೆಯನ್ನು ಸೂಚಿಸಿರುತ್ತಾರೆ. ಗಟ್ಟಿ ಎಣ್ಣೆ ಒಳ್ಳೆಯದೆಂದು ಲಾರಿಯ ಡಿಫರೆನ್ಷಿಯಲ್ಲಿಗೆ ಬಳಸುವ ಜಿ.ಎಲ್. 5 ದರ್ಜೆಯ ಎಣ್ಣೆಯನ್ನು ಇಂತಹ ಟ್ರ್ಯಾಕ್ಟರಿಗೆ ತುಂಬಿದರೆ ಬ್ರೇಕ್ ನಡುಗುತ್ತದೆ. ಅದರಲ್ಲಿರುವ ಗಂಧಕ ಮತ್ತು ರಂಜಕದ ದ್ರವ್ಯಗಳು ಹಿತ್ತಾಳೆ, ಕಂಚಿನ ಭಾಗಗಳಿಗೆ ಹಾನಿ ಮಾಡಲೂಬಹುದು. ಎರಡು ಜಾತಿಯ ಎಣ್ಣೆಗಳನ್ನು ಬೆರೆಸಲೂಬಾರದು.

ಅನೇಕ ಮಾದರಿಗಳಿಗೆ 1000 ಗಂಟೆಗೊಮ್ಮೆ ಬದಲಾವಣೆ ಸೂಚಿಸಲಾಗಿದೆ. ಹೊಸ ಟ್ರ್ಯಾಕ್ಟರಿಗೆ ಮೊದಲ ಬದಲಾವಣೆ ಇನ್ನೂ ಬೇಗ. ಕೈಪಿಡಿಯ ಸೂಚನೆಯೇ ಅಂತಿಮ.

ಬದಲಾಯಿಸುವ ಕ್ರಮ

1. ಒಂದರ್ಧ ಗಂಟೆ ಕೆಲಸ ಮಾಡಿಸಿ ಎಣ್ಣೆಯನ್ನು ಬಿಸಿ ಮಾಡಬೇಕು. ಬಿಸಿ ಎಣ್ಣೆ ತಳದ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ಕೈ ಸುಡದಂತೆ ಎಚ್ಚರ ವಹಿಸಬೇಕು.
2. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಲಿಫ್ಟಿನ ತೋಳುಗಳನ್ನು ಪೂರ್ತಿ ಇಳಿಸಿ, ಇಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು.
3. ಮೊದಲು ಎಣ್ಣೆ ತುಂಬುವ ಮುಚ್ಚಳವನ್ನು ತೆಗೆಯಬೇಕು. ಇದು ಬಿಗಿದು ಕುಳಿತಿದ್ದರೆ, ಎಣ್ಣೆ ಇಳಿಸಿದ ಮೇಲೆ ತುಂಬಲು ದಾರಿಯಿಲ್ಲದೆ ಟ್ರ್ಯಾಕ್ಟರ್ ನಿಂತಲ್ಲೇ ಉಳಿಯುತ್ತದೆ.
4. ಸುತ್ತಲಿನ ಮಣ್ಣು ಒರೆಸಿ, ತಳದ ಡ್ರೈನ್ ಪ್ಲಗ್ಗುಗಳೆಲ್ಲವನ್ನೂ ಬಿಚ್ಚಬೇಕು. ಕೆಲವು ಮಾದರಿಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ಲಗ್ಗುಗಳಿರುತ್ತವೆ.
5. ಇಳಿದ ಎಣ್ಣೆಯಲ್ಲಿ ಅಯಸ್ಕಾಂತವನ್ನು ಆಡಿಸಿ ನೋಡಬೇಕು. ನಯವಾದ ಕಪ್ಪು ಹಿಟ್ಟಿನಂತಹ ಪುಡಿ ಸಹಜ ಸವೆತ. ಚೂರು, ಚಕ್ಕೆಗಳು ಸಿಕ್ಕಿದರೆ ಒಳಗಿನ ಭಾಗ ಒಡೆದಿದೆ. ಹೊಸ ಎಣ್ಣೆ ತುಂಬುವ ಮೊದಲೇ ದುರಸ್ತಿ ಮಾಡಿಸಬೇಕು.
6. ಹೈಡ್ರಾಲಿಕ್ ಜರಡಿ ತೊಳೆದು, ಫಿಲ್ಟರ್ ಬದಲಾಯಿಸಿ, ಗಾಳಿಕಿಂಡಿಯನ್ನು ಸ್ವಚ್ಛಗೊಳಿಸಬೇಕು. ಸೀಮೆಎಣ್ಣೆ ಅಥವಾ ಡೀಸೆಲ್ ತುಂಬಿ ಟ್ರ್ಯಾಕ್ಟರ್ ಓಡಿಸಬಾರದು.
7. ಪ್ಲಗ್ಗುಗಳಿಗೆ ಹೊಸ ವಾಷರ್ ಹಾಕಿ ಬಿಗಿದು, ಅಳತೆ ಕಡ್ಡಿಯ ಗುರುತಿನವರೆಗೆ ಎಣ್ಣೆ ತುಂಬಬೇಕು.
8. ಇಂಜಿನ್ ನಡೆಸಿ, ಲಿಫ್ಟನ್ನು ನಾಲ್ಕಾರು ಬಾರಿ ಎತ್ತಿಳಿಸಿ, ತೋಳುಗಳನ್ನು ಇಳಿಸಿ ನಿಲ್ಲಿಸಿ ಮಟ್ಟವನ್ನು ಮತ್ತೆ ನೋಡಬೇಕು. ಹೆಚ್ಚು ತುಂಬಿದರೆ ನೊರೆಯೆದ್ದು ಸೀಲಿನಿಂದ ಸೋರುತ್ತದೆ.

ನಡುಕ ಉಳಿದರೆ

ಹಳೆಯ ಎಣ್ಣೆ ಸ್ವಲ್ಪ ಒಳಗೇ ಉಳಿದಿರುತ್ತದೆ. ತಟ್ಟೆಗಳೂ ಅದನ್ನು ಹೀರಿರುತ್ತವೆ. ಟ್ರೇಲರ್ ಕಟ್ಟದೆ, ಬಯಲಿನಲ್ಲಿ ನಿಧಾನವಾಗಿ ಓಡಿಸುತ್ತ, ಬ್ರೇಕನ್ನು ಮೆಲ್ಲಗೆ ಹಲವು ಬಾರಿ ಒತ್ತಿ ಬಿಡಬೇಕು. ಎಡ-ಬಲ ಪೆಡಲುಗಳ ಸಡಿಲು ಸಮನಾಗಿದೆಯೇ ನೋಡಬೇಕು. ಕೆಲವು ದಿನಗಳ ಕೆಲಸದ ನಂತರವೂ ನಡುಕ ಹೋಗದಿದ್ದರೆ ತಟ್ಟೆಗಳು ಸವೆದಿರಬಹುದು ಅಥವಾ ಸುಟ್ಟು ನುಣುಪಾಗಿರಬಹುದು. ಹೌಸಿಂಗ್ ಬಿಚ್ಚಿಸಬೇಕಾದುದು ಆಗ.

ಅಲ್ಲಿಯವರೆಗೆ ಕಬ್ಬು ತುಂಬಿದ ಟ್ರೇಲರ್ ಕಟ್ಟಿ ರಸ್ತೆಗಿಳಿಯಬಾರದು. ಇಳಿಜಾರಿನಲ್ಲಿ ಒಂದು ಚಕ್ರದ ಬ್ರೇಕ್ ಹಿಡಿದು ಇನ್ನೊಂದು ಜಾರಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆಯುತ್ತದೆ. ಹಿಂದಿನ ಭಾರ ಅದನ್ನು ಮಗುಚಿಹಾಕಬಹುದು. ರಸ್ತೆಯಲ್ಲಿ ಎರಡೂ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಿಯೇ ಓಡಿಸಬೇಕು.

ಹಳೆಯ ಎಣ್ಣೆಯ ವಿಲೇವಾರಿ

ಇಳಿಸಿದ ಎಣ್ಣೆಯನ್ನು ಬಾವಿ, ಕಾಲುವೆಯ ಬಳಿ ಚೆಲ್ಲಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟು, ಅಧಿಕೃತ ಸಂಗ್ರಹಕಾರರಿಗೆ ತಲಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು.

ಎಣ್ಣೆ ಬದಲಾಯಿಸಿದ ದಿನಾಂಕ, ಗಂಟೆ ಮಾಪಕದ ಅಂಕಿ, ಎಣ್ಣೆಯ ದರ್ಜೆ ಮತ್ತು ತುಂಬಿದ ಲೀಟರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು. ಚಾಲಕ ಬದಲಾದರೂ, ಮುಂದೆ ಟ್ರ್ಯಾಕ್ಟರ್ ಕೈ ಬದಲಾದರೂ, ಪೆಟ್ಟಿಗೆಯೊಳಗೆ ಯಾವ ಎಣ್ಣೆ ಇದೆಯೆಂಬುದು ಆಗ ಊಹೆಯ ಮಾತಾಗುವುದಿಲ್ಲ.