ಓದಿದ ವಚನಕ್ಕೆ ಸಂಜೆಯೊಳಗೆ ಒಂದು ಕೆಲಸ

ನಂಜನಗೂಡು, ತಿ. ನರಸೀಪುರದ ಸುತ್ತಮುತ್ತ ನಮ್ಮ ಸಭೆಗಳು ಚಿಕ್ಕವು. ಕೆಲವು ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ನಾಲ್ಕೋ ಐದೋ, ಅಷ್ಟೆ. ಕರ್ತನ ಭೋಜನಕ್ಕೆ ಅಯ್ಯನವರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಮಿಕ್ಕ ವಾರಗಳಲ್ಲಿ ಯಾರಾದರೊಬ್ಬರು ಸತ್ಯವೇದ ತೆರೆದು ಕೂರಲೇಬೇಕು. ಶಾಲೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಅದು ನನ್ನ ಪಾಲಿಗೆ ಬಂತು. ಮನೆ ಪ್ರಾರ್ಥನೆಗೆಂದು ಹೋದಲ್ಲೆಲ್ಲ ನಾನು ಕಲಿಸಿದ್ದು ಕಡಿಮೆ, ಕಲಿತದ್ದೇ ಜಾಸ್ತಿ. ದೇವರನ್ನು ನಂಬಿದವರು ಓದಿದ್ದನ್ನು ಅಂದೇ ನಡೆಸಲು ನೋಡುತ್ತಾರೆ ಅನ್ನುವುದನ್ನು ಈ ಮನೆಗಳಲ್ಲೇ ಕಂಡೆ.

1. ಸ್ವಲ್ಪ ಓದಿ, ಜೋರಾಗಿ ಓದಿ

ಸತ್ಯವೇದವನ್ನು ಕನ್ನಡಕ್ಕೆ ತರಲು ದುಡಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಕೈಗೆ ಸಿಗಲು ಅಲ್ಲಿಂದ ಸುಮಾರು ಎರಡು ದಶಕ ಹಿಡಿಯಿತು. ಅಷ್ಟು ನಿಧಾನವಾಗಿ ನಮ್ಮ ಭಾಷೆಗೆ ಬಂದ ಪುಸ್ತಕವನ್ನು ಅವಸರದಲ್ಲಿ ಮುಗಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ದಿನಕ್ಕೆ ಅರ್ಧ ಅಧ್ಯಾಯ ಸಾಕು, ಆದರೆ ಅಡುಗೆಮನೆಗೂ ಕೇಳಿಸಬೇಕು. ನರಸೀಪುರ ಕಡೆಯ ಒಂದು ಮನೆಯಲ್ಲಿ ಮೊಮ್ಮಗ ಕೀರ್ತನೆ ಓದುತ್ತಿದ್ದ. ಒಲೆ ಮುಂದೆ ರಾಗಿ ಮುದ್ದೆ ತೊಳಸುತ್ತಿದ್ದ ಅಜ್ಜಿ, ಕೈಯಲ್ಲಿನ ಕೋಲು ನಿಲ್ಲಿಸದೆ, “ಒಂದು ಸಾಲು ಬುಟ್ಬುಟ್ಟೆ ಕಣಪ್ಪಾ, ಹಿಂದಕ್ಕೋಗು” ಅಂದರು. ಆಕೆಗೆ ಅಕ್ಷರ ಬಾರದು. ಕೇಳಿ ಕೇಳಿಯೇ ಕೀರ್ತನೆಗಳು ಬಾಯಿಗೆ ಬಂದಿದ್ದವು. ಅಂಥ ಕಿವಿಗಳಿರುವ ಮನೆಯಲ್ಲಿ ಮನಸ್ಸಿನೊಳಗೇ ಓದಿಕೊಂಡು ಪುಸ್ತಕ ಮುಚ್ಚುವುದು ಅನ್ಯಾಯ.

2. ಓದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ

“ಇವತ್ತು ಸಂಜೆಯೊಳಗೆ ನಾವೇನು ಮಾಡಬೇಕು?” ಇದಷ್ಟೇ ಪ್ರಶ್ನೆ. ಒಂದು ವರ್ಷ ನಾಟಿ ಕಾಲದಲ್ಲಿ ಯಾಜಕಕಾಂಡದ 19ನೇ ಅಧ್ಯಾಯ ಓದಿದೆವು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂಬ ಆಜ್ಞೆ ಅಲ್ಲಿದೆ. ಆ ಮನೆಯವರ ಗದ್ದೆಯಲ್ಲಿ ಅಂದು ಹೆಣ್ಣಾಳುಗಳು ಪೈರು ನೆಡುತ್ತಿದ್ದರು. ಸಂತೆ ದಿನ ಒಟ್ಟಿಗೆ ಬಟವಾಡೆ ಮಾಡುವುದು ರೂಢಿ. ಯಾರೂ ಅದನ್ನು ತಪ್ಪೆಂದು ಎಣಿಸಿರಲಿಲ್ಲ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೆಂಡತಿಯ ಮುಖ ನೋಡಿದರು. ಆಕೆ ಎದ್ದು ಹೋಗಿ ಸಂಘಕ್ಕೆ ಕಟ್ಟಲು ಎತ್ತಿಟ್ಟಿದ್ದ ದುಡ್ಡನ್ನು ತಂದು ಚಾಪೆಯ ಮೇಲಿಟ್ಟರು. ಹೊತ್ತು ಮುಳುಗುವ ಮೊದಲೇ ಎಲ್ಲರಿಗೂ ಕೂಲಿ ಸಂದಿತು. “ಯಾಕಣ್ಣಾ, ನಾಳಿಂದ ಬರ್ಬೇಡಿ ಅಂತಲಾ?” ಎಂದು ಒಬ್ಬಾಕೆ ಗಾಬರಿಯಿಂದ ಕೇಳಿದರಂತೆ.

ಸಂಘದ ಕಂತಿಗೆ ಆ ವಾರ ಅವರು ಪರದಾಡಿದ್ದು ನಿಜ. ಆದರೆ ಅಂದಿನಿಂದ ಆ ಗದ್ದೆಯ ಬಟವಾಡೆ ದಿನದಿನವೂ ನಡೆಯುತ್ತಿದೆ. ದೇವರು ಒದಗಿಸುತ್ತಾನೆ ಎಂದು ಬಾಯಲ್ಲಿ ಹೇಳುವುದಕ್ಕೆ ಖರ್ಚಿಲ್ಲ. ಆ ದಂಪತಿ ಖರ್ಚು ಮಾಡಿ ಹೇಳಿದರು.

3. ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ನುಂಗಿ

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ವಿಶ್ವಾಸವಿದ್ದರೆ ಔಷಧಿ ಬೇಡ ಎಂಬ ಬೋಧನೆ ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರ ಕಾಲಿನ ಹುಣ್ಣನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಯೆಶಾಯನ 38ನೇ ಅಧ್ಯಾಯ ತೆಗೆದು ನೋಡಿ. ಅರಸನಾದ ಹಿಜ್ಕೀಯ ಅತ್ತು ಪ್ರಾರ್ಥಿಸಿದ, ದೇವರು ಕೇಳಿದನು. ಆದರೂ ಪ್ರವಾದಿ ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಿರಿ ಎಂದೇ ಹೇಳಿದ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯನೆಂದು ಕರೆಯುತ್ತಾನೆ. ನಮ್ಮ ಭಾಗದಲ್ಲಿ ವಚನ ಸಾರಿದ ವೆಸ್ಲಿಯನ್ ಮಿಷನ್ನಿನವರೇ 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ನಮ್ಮವರ ಬಾಯಲ್ಲಿ ಅದು ಇವತ್ತಿಗೂ ಮಿಷನ್ ಆಸ್ಪತ್ರೆ. ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ದೊಡ್ಡವನಾಗಿ ಡಾಕ್ಟರ ಹತ್ತಿರ ಹೋಗುವುದು ಅವಿಶ್ವಾಸ ಎಂದು ಬೋಧಿಸಿದರೆ ಒಪ್ಪುವುದು ಹೇಗೆ?

4. ಹಾಸಿಗೆ ಹಿಡಿದವರ ಮುಂದೆ ಪಾಪದ ಮಾತು ಎತ್ತಬೇಡಿ

ಹುಟ್ಟುಕುರುಡನ ವಿಷಯದಲ್ಲಿ ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದರು, ಯೇಸು ಆ ಪ್ರಶ್ನೆಯನ್ನು ತಳ್ಳಿಹಾಕಿದನು. ಯೋಹಾನ 9. ಗಂಜಿ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು ಬನ್ನಿ.

5. ಅಳುವ ಕೀರ್ತನೆಗಳನ್ನು ಬಿಟ್ಟು ಓದಬೇಡಿ

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡಿತು. ಇಡೀ ರಾಜ್ಯ ನಮ್ಮೂರಿನ ಹೆಸರು ಕೇಳಿದರೆ ಹೆದರುವಂತಾಯಿತು. ಬೀದಿಗಳಿಗೆ ಬ್ಯಾರಿಕೇಡ್ ಬಿತ್ತು, ದೇವಾಲಯದ ಬಾಗಿಲು ಮುಚ್ಚಿತು. ಏಪ್ರಿಲ್ 10ರ ಶುಭ ಶುಕ್ರವಾರ ಮನೆಯೊಳಗೇ ಕಳೆಯಿತು, 12ರ ಈಸ್ಟರ್ ಕೂಡ. ಕ್ವಾರಂಟೈನ್ ಆಗಿದ್ದ ಒಂದು ಮನೆಗೆ ನಾನು ಫೋನಿನಲ್ಲಿ ಧೈರ್ಯದ ವಚನಗಳನ್ನು ಓದಲು ಹೊರಟಾಗ, ಆ ಮನೆಯ ತಾಯಿ, “ಟೀಚರಮ್ಮ, ನಮ್ ಥರ ಅತ್ತವ್ರು ಯಾರೂ ಇಲ್ವಾ ಅದ್ರಲ್ಲಿ?” ಎಂದು ಕೇಳಿದರು. 13ನೇ ಕೀರ್ತನೆ ಓದಿದೆವು. ಇನ್ನೆಷ್ಟು ಕಾಲ ಎಂದು ಅಲ್ಲಿ ದಾವೀದ ನಾಲ್ಕು ಸಲ ಕೇಳುತ್ತಾನೆ. ಮರುದಿನ 88ನೆಯದು. ಅದರಲ್ಲಿ ಕೊನೆಯ ಸಾಲಿನವರೆಗೂ ಬೆಳಕಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಮಾತಾಡುತ್ತಿರುವುದು ದೇವರೊಂದಿಗೇ. ಆಕೆ ಫೋನು ಇಡುವ ಮುಂಚೆ, “ಇದನ್ನೇ ನಾಳೇನೂ ಓದಿ” ಅಂದರು. ಸಂತೋಷದ ಸಾಕ್ಷಿ ಮಾತ್ರ ಹೇಳಿಸುವ ಸಭೆಯಲ್ಲಿ ನೊಂದವರು ಹಿಂದಿನ ಸಾಲಿನಲ್ಲಿ ಕೂತು, ಮೆಲ್ಲನೆ ಬರುವುದನ್ನೇ ನಿಲ್ಲಿಸುತ್ತಾರೆ.

6. ಕಾಣಿಕೆ ದುಡ್ಡು ಎಣಿಸುವಾಗ ಇಬ್ಬರಿರಲಿ

ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ಪೌಲ ಜೊತೆಗಾರರನ್ನು ಇಟ್ಟುಕೊಂಡ. ಅಪೊಸ್ತಲನಿಗೇ ಬೇಕಾದ ಎಚ್ಚರ ನಮಗೆ ಬೇಡವೇ?

7. ಊರಿನ ಒಳಿತಿಗೆ ಪ್ರಾರ್ಥಿಸಿ, ಊರವರೊಂದಿಗೆ ಬಾಳಿ

ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಕಾಗದ ಬರೆದು, ಆ ಊರಿನ ಕ್ಷೇಮವನ್ನು ಹುಡುಕಿರಿ ಎಂದ. ಅವರಿಗೆ ಅದು ಪರರ ಊರು. ನಮಗೆ ಇದು ಹುಟ್ಟಿದೂರು, ಕಪಿಲೆಯ ನೀರು ಕುಡಿದೇ ಬೆಳೆದಿದ್ದೇವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯಲು ಬಿಸಿಲಲ್ಲಿ ಬರುವ ಜನಕ್ಕೆ ನಮ್ಮ ಜಗಲಿಯಿಂದ ನೀರು, ಮಜ್ಜಿಗೆ ಹೋಗುತ್ತದೆ. ಕ್ರಿಸ್ಮಸ್ಸಿಗೆ ರೋಸ್ ಕುಕ್ಕಿ ಡಬ್ಬಿ ಪಕ್ಕದ ಮನೆಗೆ ಹೋದರೆ, ಸಂಕ್ರಾಂತಿಗೆ ಅದೇ ಡಬ್ಬಿಯಲ್ಲಿ ಎಳ್ಳುಬೆಲ್ಲ ಬರುತ್ತದೆ. ನಮ್ಮ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಯಾರೂ ಕೇಳದಿದ್ದರೂ ಮಜ್ಜಿಗೆ ಕೊಡುವುದು ನಿಲ್ಲುವುದಿಲ್ಲ.

8. ಓದುವವರು ಊರು ಬಿಟ್ಟಿದ್ದಾರೆ

ಮಕ್ಕಳು ಮೈಸೂರು, ಬೆಂಗಳೂರು ಸೇರಿದ ಮೇಲೆ ಹಲವು ಮನೆಗಳಲ್ಲಿ ಸತ್ಯವೇದ ಕಪಾಟಿನಲ್ಲಿದೆ, ಅದನ್ನು ಓದುವ ಕಣ್ಣುಗಳಿಗೆ ಪೊರೆ ಬಂದಿದೆ. ಊರಿಂದ ಹೊರಗಿರುವ ಮಕ್ಕಳಲ್ಲಿ ನನ್ನ ಬೇಡಿಕೆ ಇಷ್ಟು. ಈ ಸಲ ಬಂದಾಗ ಅಪ್ಪ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ, ಅವರಿಗೆ ಒಂದು ಕೀರ್ತನೆ ಓದಿ ಹೇಳಿ. ನಿಧಾನವಾಗಿ ಓದಿ, ಒಂದು ಸಾಲನ್ನೂ ಬಿಡಬೇಡಿ.