ಜಿಗಿಯುವ ಇರುವೆ ಯಾವ ಗುಂಪಿನದು?

ಕಾಫಿ ಕೊಯ್ಯುವಾಗ ಕಚ್ಚುವ ಚಗಳಿ ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಎಲೆ ಹೊಲಿದು ಮರದಲ್ಲೇ ಗೂಡು ಕಟ್ಟುತ್ತೆ. ಆದರೆ ಕಾಡಂಚಿನ ನೆಲದಲ್ಲಿ ಒಂಟಿಯಾಗಿ ಬೇಟೆಯಾಡುವ ಜಿಗಿಯುವ ಇರುವೆ ಬೇರೆಯೇ. ಭೂತಗನ್ನಡಿಯಲ್ಲಿ ನೋಡಿದೆ: ಕಣ್ಣು ಬಲು ದೊಡ್ಡದು, ದವಡೆ ಉದ್ದ, ತುದಿ ಮೇಲಕ್ಕೆ ಬಾಗಿದೆ. ಇನ್ನು ಸೊಂಟ. ಎರಡಕ್ಕೂ ಒಂದೇ ಗಂಟು! ಹಾಗಾದ್ರೆ ಒಂದೇ ಗುಂಪೇ? ಅಲ್ಲ. ಚಗಳಿಗೆ ಕೊಂಡಿ ಇಲ್ಲ, ಕಚ್ಚಿದ ಜಾಗಕ್ಕೆ ಆಮ್ಲ ಬಿಡುತ್ತೆ. ಅದು ಫಾರ್ಮಿಸಿನೇ ಉಪಕುಟುಂಬ. ಜಿಗಿಯುವುದಕ್ಕೆ ಕೊಂಡಿ ಇದೆ, ಅದು ಪೊನೆರಿನೇ. 1851ರಲ್ಲಿ ಜೆರ್ಡನ್ ಎಂಬವರು ಇದಕ್ಕೆ ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂದು ಹೆಸರಿಟ್ಟರು. ಸಾಲ್ಟೇಟರ್ ಅಂದ್ರೆ ಲ್ಯಾಟಿನ್‌ನಲ್ಲಿ ಕುಣಿಯುವವನು. ಚಗಳಿ ಕಚ್ಚಿತು ಅಂತ ನೆಲದ ಗೂಡಿಗೂ ಔಷಧಿ ಹೊಡೆಯುವವರಿದ್ದಾರೆ. ಆ ಗೂಡಿನದು ಕಾಫಿ ಗಿಡದಲ್ಲಿ ಯಾರನ್ನೂ ಕಚ್ಚಿದ್ದಲ್ಲ. ಹಾಗಂತ ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಚುಚ್ಚುತ್ತೆ.