ಅರಗಿನ ಹುಳು ಹುಡುಕಿ ಹೊರಡುವವರಿಗೆ

1. ಮರ ಕಂಡಲ್ಲೆಲ್ಲ ಹುಳು ಸಿಗುತ್ತದೆಂದು ಹೊರಡಬೇಡಿ. ಮುತ್ತುಗ ನಮ್ಮ ಬಯಲುಸೀಮೆಯ ತುಂಬ ಇದೆ, ಬೋರೆ ಹೊಲದ ಬದುಗಳಲ್ಲಿ ಬೇಡವೆಂದರೂ ಹುಟ್ಟುತ್ತದೆ. ಅರಗು ಕಾಣುವುದು ಮಾತ್ರ ಎಲ್ಲೋ ಒಂದೆಡೆ. ಕಾರಣ ಹುಳುವಿನ ಬದುಕಿನಲ್ಲೇ ಇದೆ. ಮರಿ ಅರ್ಧ ಮಿಲಿಮೀಟರಿನಷ್ಟು ಚಿಕ್ಕದು. ಎಳೆ ರೆಂಬೆ ಸಿಕ್ಕಿದ ಕೂಡಲೇ ಬಾಯಿಯ ಸೂಜಿ ಚುಚ್ಚಿ ಕೂರುತ್ತದೆ. ಹೆಣ್ಣಾದರೆ ಮುಗಿಯಿತು, ಸಾಯುವವರೆಗೂ ಆ ಜಾಗ ಬಿಟ್ಟು ಕದಲುವುದಿಲ್ಲ. ಹೊಸ ಮರ ಸೇರಲು ತಾಗಿಕೊಂಡ ಕೊಂಬೆ ಬೇಕು, ಇಲ್ಲವೇ ಗಾಳಿ, ಇಲ್ಲವೇ ಮನುಷ್ಯನ ಕೈ.

2. ಯಾವ ಮರದ ಹುಳು ಎಂದು ಮೊದಲು ಕೇಳಿ. ಜಾರ್ಖಂಡ್, ಛತ್ತೀಸಗಢದ ರೈತರು ಇದನ್ನು ಚೆನ್ನಾಗಿ ಬಲ್ಲರು. ಅವರ ರಂಗೀನಿ ತಳಿ ಮುತ್ತುಗ, ಬೋರೆಗಳ ಮೇಲೆ ಬೆಳೆಯುತ್ತದೆ. ಕುಸುಮಿ ತಳಿಗೆ ಕುಸುಮ ಮರ, ಅಂದರೆ ನಮ್ಮ ಸಾಗಡೆ, ಬೇಕು. ಬೋರೆಯೂ ಅದಕ್ಕೆ ಒಗ್ಗುತ್ತದೆ, ಮುತ್ತುಗ ಒಗ್ಗುವುದಿಲ್ಲ. ಎರಡೂ ತಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತವೆ, ತಿಂಗಳುಗಳು ಬೇರೆ. ಆದ್ದರಿಂದ ಟಿಪ್ಪಣಿಯಲ್ಲಿ ಮರದ ಹೆಸರು, ಮರಿ ಹೊರಬಿದ್ದ ತಿಂಗಳು ಇವೆರಡೂ ಇರಲೇಬೇಕು.

3. ಜಾಲಾರಿ ಮರವನ್ನು ಬಿಟ್ಟು ಮುಂದೆ ಹೋಗಬೇಡಿ. ದಕ್ಷಿಣ ಕರ್ನಾಟಕದ ಒಣ ಗುಡ್ಡಗಾಡಿನಲ್ಲಿ ಅದರ ಮೇಲೆ ಬದುಕುವ ಹುಳು ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಮೂರು ತಲೆಮಾರು ಕಾಣುತ್ತದೆ, ಉತ್ತರದ ತಳಿಗಳಿಗಿಂತ ಒಂದು ಹೆಚ್ಚು. ವಿಜ್ಞಾನಿ ಮಹದಿಹಸ್ಸನ್ ಅವರು ಈ ಹುಳುವಿಗೆ ಇಟ್ಟ ‘ಮೈಸೋರೆನ್ಸಿಸ್’ ಎಂಬ ಹೆಸರಿನಲ್ಲಿ ನಮ್ಮ ನೆಲವೇ ಉಳಿದುಕೊಂಡಿದೆ. ಜಾಲಾರಿಯನ್ನು ಸೌದೆಯೆಂದು ಕಡಿದರೆ ಅದರ ಜೊತೆಗೆ ಈ ಹುಳುವಿನ ನೆಲೆಯೂ ಹೋಗುತ್ತದೆ. ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿಲ್ಲ.

4. ಕಾಡಷ್ಟೇ ಸಾಲದು. ರಸ್ತೆ ಬದಿಯ ಅರಳಿ, ಆಲ, ಅತ್ತಿ, ಊರೊಳಗಿನ ಮಳೆಮರ, ಇವನ್ನೂ ತಲೆಯೆತ್ತಿ ನೋಡಿ. ಥಾಯ್ಲೆಂಡಿನಲ್ಲಿ ಅರಗಿನ ಬೇಸಾಯ ನಡೆಯುವುದೇ ಮಳೆಮರದ ಮೇಲೆ. ರಸ್ತೆ ಅಗಲ ಮಾಡುವಾಗ ಉರುಳುವ ಹಳೆಯ ಸಾಲುಮರದಲ್ಲಿ ಏನಿತ್ತೆಂದು ಯಾರೂ ನೋಡುವುದಿಲ್ಲ. ಮರ ಬೀಳುವ ಮೊದಲೇ ನಾವು ಹೋಗಬೇಕು.

5. ಹುಳುವಿಗಿಂತ ಮೊದಲು ಅದರ ಗುರುತು ಕಾಣುತ್ತದೆ. ಹುಳು ಸುರಿಸುವ ಸಿಹಿ ಅಂಟಿಗೆ ಇರುವೆ ಸಾಲುಗಟ್ಟುತ್ತದೆ, ಕೆಳಗಿನ ಎಲೆಗಳ ಮೇಲೆ ಮಸಿಯಂಥ ಕಪ್ಪು ಬೂಷ್ಟು ಹಬ್ಬುತ್ತದೆ. ಅಲ್ಲಿಂದ ಕಣ್ಣು ಮೇಲಕ್ಕೆ ಹೋಗಲಿ. ರೆಂಬೆಗೆ ಮೆತ್ತಿದ ಅರಗಿನ ಮೇಲೆ ಬಿಳಿ ಮೇಣದ ಎಳೆಗಳಿದ್ದರೆ ಹುಳು ಜೀವಂತ. ಒಣಗಿ ತೂತಾಗಿದ್ದರೆ ಮರಿ ಹೊರಟುಹೋಗಿದೆ, ಅಥವಾ ಶತ್ರುಹುಳು ತಿಂದು ಮುಗಿಸಿದೆ.

6. ಪ್ರಭೇದ ಯಾವುದೆಂದು ಕಣ್ಣಳತೆಯಲ್ಲಿ ಹೇಳಬೇಡಿ. ಹೆಣ್ಣು ಹುಳುವನ್ನು ಅರಗಿನಿಂದ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಆ ಮಾತು.

7. ಮಾದರಿಗೆ ಒಂದು ಗೇಣು ರೆಂಬೆ ಸಾಕು. ಮರದಲ್ಲಿ ಎರಡೇ ರೆಂಬೆಗೆ ಅರಗಿದ್ದರೆ ಕತ್ತರಿ ಚೀಲದಲ್ಲೇ ಇರಲಿ. ಚಿತ್ರ ತೆಗೆದು, ಜಾಗ ಬರೆದುಕೊಂಡು, ಮರಿ ಹರಡಿದ ಮೇಲೆ ಮತ್ತೆ ಹೋಗಿ. ಆಗ ಖಾಲಿಯಾದ ತುಣುಕನ್ನು ತಂದರೆ ಯಾರಿಗೂ ನಷ್ಟವಿಲ್ಲ.